ಅಪೀಲಿಗೆ ಕೋರ್ಟ್ ಶುಲ್ಕ ಮಾಫಿ ಕೇಳಿದವರು ಯಾರಾದ್ರೂ ಇದ್ದೀರಾ?

ಬೈತಖೋಲದವಳು: ಬೋಟಿನ ಕೆಲಸದಲ್ಲಿ ನಮ್ಮ ಯಜಮಾನರ ಬಲಗೈ ಹೋಯಿತು. ಪರಿಹಾರ ತೀರಾ ಕಡಿಮೆ ಬಂದಿದೆ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು, ಶುಲ್ಕಕ್ಕೆ ದುಡ್ಡಿಲ್ಲ. ಶುಲ್ಕ ಕಟ್ಟುವ ಶಕ್ತಿ ಇಲ್ಲ ಅಂತ ಕೋರ್ಟಿಗೆ ಕೊಡುವ ಪಾಪರ್ ಅರ್ಜಿ ಹಾಕಿದವರು ಅನುಭವ ಹೇಳಿ.

ಶಿರಸಿ ಸೀಮೆ: ಹಾಕಿದ್ದೇನೆ, ಸುಟ್ಟುಕೊಂಡಿದ್ದೇನೆ. ನಂದು ಜಮೀನಿನ ಪರಿಹಾರದ ಕೇಸು. ನನ್ನ ಹತ್ತಿರ ಏನೇನಿದೆ ಅಂತ ಕೋರ್ಟಿನ ಶಿರಸ್ತೇದಾರರು ವಿಚಾರಣೆ ಮಾಡಿದರು, ಆಮೇಲೆ ಸರ್ಕಾರಿ ವಕೀಲರು ಪಹಣಿ ಹಿಡಿದು ಬಂದರು. ಎಂಟು ಗುಂಟೆ ತೋಟ, ಅದೂ ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಖಾತೆ, ಕೊಳೆ ಬಂದು ಅರ್ಧ ಅಡಿಕೆ ಉದುರಿತ್ತು. ಅದು ಸಾಲದು ಅಂತ ಎಮ್ಮೆ ಮಾರಿದ್ದು ಬೇರೆ ಎತ್ತಿದರು. ಅರ್ಜಿಗೆ ಮುಂಚಿನ ಎರಡು ತಿಂಗಳಲ್ಲಿ ಬಡತನ ತೋರಿಸಲಿಕ್ಕೆ ಅಂತ ಆಸ್ತಿ ದಾಟಿಸಿದರೆ ಅರ್ಜಿ ವಜಾ. ನಾನು ಮಾರಿದ್ದು ಅಪ್ಪಯ್ಯನ ಆಸ್ಪತ್ರೆ ಖರ್ಚಿಗೆ! ಜೆರಾಕ್ಸಿಗೆ 640, ನೋಟರಿಗೆ 300, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಐದು ಸಲ. ಕೊನೆಗೆ ವಜಾ. ಶುಲ್ಕ ಕಟ್ಟಲಿಕ್ಕೆ ಟೈಮ್ ಕೊಟ್ಟರು, ಹೆಂಡತಿಯ ಸರ ಸೊಸೈಟಿಯಲ್ಲಿ ಇಟ್ಟೆ.

ಕುಮಟಾ ಅಕ್ಕ: ಪಾಪರ್ ಅರ್ಜಿ ಯಾಕೆ ಬೇಕಿತ್ತು? ನಾನು ಸೀದಾ ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿಗೆ ಹೋದೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು. ವಕೀಲರನ್ನೂ ಕೊಟ್ಟರು, ಶುಲ್ಕವನ್ನೂ ಅವರೇ ಭರಿಸಿದರು. ವಕೀಲರು ಎರಡು ಸಲ ಬದಲಾದರು, ಪ್ರತಿ ಸಲ ಮೊದಲಿಂದ ಕತೆ ಹೇಳಿದೆ, ಅದು ಬೇರೆ ಮಾತು. ಅರಬೈಲು ಘಟ್ಟದಲ್ಲಿ ಮಣ್ಣು ಕುಸಿದು ಒಮ್ಮೆ ಶಿರಸಿ ಮೇಲೆ ಸುತ್ತಿಕೊಂಡು ಹೋದೆ, ತಲುಪುವಷ್ಟರಲ್ಲಿ ಕೇಸು ಕೂಗಿ ಮುಗಿದಿತ್ತು.

ಶಿರಸಿ ಸೀಮೆ: ನಿಮಗೆ ಬಸ್ಸೂ ಫ್ರೀ, ವಕೀಲರೂ ಫ್ರೀ. ಮಾತಾಡಲಿಕ್ಕೆ ಏನು!

ಕುಮಟಾ ಅಕ್ಕ: ಬಸ್ ಫ್ರೀ ಆಗಿದ್ದು 2023ರ ಜೂನಿನಲ್ಲಿ, ನನ್ನ ಕೇಸು ಅದಕ್ಕೂ ಮೊದಲಿನದು. ತೋಟ ಇಟ್ಟುಕೊಂಡು ಪಾಪರ್ ಅಂದರೆ ಯಾರು ನಂಬುತ್ತಾರೆ ಮಾರಾಯ್ರೆ?

ಅಂಕೋಲೆ ಹಳಬ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಪಾಪರ್ ಅಂದ್ರೆ ಮಾಫಿ ಅಲ್ಲ, ಮುಂದೂಡಿಕೆ. ನಾನು ಗೆದ್ದೆ, ಬಂದ ದುಡ್ಡಿನಲ್ಲಿ ಸರ್ಕಾರ ಮೊದಲು ತನ್ನ ಶುಲ್ಕ ಹಿಡಿದುಕೊಂಡಿತು. ಉಳಿದಿದ್ದು ಹಳೇ ವಕೀಲರ ಫೀಸಿಗೆ, ಸಾಲಕ್ಕೆ. ಮನೆಗೆ ಬಂದಿದ್ದು ಮಿಕ್ಸರ್ ಒಂದೇ. ಇನ್ನೊಂದು, ಪಾಪರಾಗಿ ಅಪೀಲು ಮಾಡಲು ಅನುಮತಿ ಕೇಳುವುದಾದರೆ ಹೈಕೋರ್ಟಿಗೆ 60 ದಿನದ ಗಡುವು. ಆದೇಶದ ಪ್ರಮಾಣಿತ ನಕಲು ಸಿಗಲಿಕ್ಕೆ ಹಿಡಿದ ದಿನ ಅದರಲ್ಲಿ ಸೇರುವುದಿಲ್ಲ. ನನ್ನ ಮೊದಲ ವಕೀಲರು ಅದನ್ನೇ ತಪ್ಪು ಎಣಿಸಿದ್ದರು, ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ, ಅದಕ್ಕೊಂದು ಅಫಿಡವಿಟ್, ಮತ್ತೆ ಆರು ತಿಂಗಳು.

ಬೈತಖೋಲದವಳು: ಆದೇಶ ಬಂದು 41 ದಿನ ಆಯಿತು. ಸಮಿತಿಯವರು ಗಂಡಸರಿಗೂ ಕೊಡುತ್ತಾರಾ? ಅಪೀಲು ಅವರ ಹೆಸರಲ್ಲೇ ಹೋಗಬೇಕು.

ಕುಮಟಾ ಅಕ್ಕ: ಅಂಗವಿಕಲರಿಗೂ ಅದೇ ಕಲಮಿನಲ್ಲಿ ಇದೆ ತಂಗಿ, ಆದಾಯ ನೋಡುವುದಿಲ್ಲ. ಅಂಗವೈಕಲ್ಯದ ಸರ್ಟಿಫಿಕೇಟ್ ಹಿಡಿದು ನಾಳೆಯೇ ಕಾರವಾರದ ಜಿಲ್ಲಾ ಕೋರ್ಟಿಗೆ ಹೋಗಿ. ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಬಹುದು. ಕೆಲವರ ಹಾಗೆ ಎಮ್ಮೆ ಮಾರಿ, ಸುಳ್ಳು ಬಡತನ ತೋರಿಸುವುದು ಬೇಡ.

ಶಿರಸಿ ಸೀಮೆ: ಸುಳ್ಳು ಯಾವುದು? ಎಮ್ಮೆ 32 ಸಾವಿರಕ್ಕೆ ಹೋಯಿತು, ಆಸ್ಪತ್ರೆ ಬಿಲ್ 47 ಸಾವಿರ. ಎರಡರ ಚೀಟಿಯೂ ಇದೆ, ಫೋಟೋ ಹಾಕಲಾ?