ಗುಳೇದಗುಡ್ಡದ ಮಿಷನ್ ಸಾಲಿ ಮ್ಯಾಲೆ ಪಿಎಚ್‌ಡಿ: ಜರ್ಮನ್ ಕಲೀಬೇಕೋ ಬ್ಯಾಡೋ?

ಖಣದ ಮನಿ ಹುಡುಗಿ, ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರಿ. ಸಮಾಜಶಾಸ್ತ್ರದಾಗ ಪಿಎಚ್‌ಡಿ ಮಾಡಾಕತ್ತೀನಿ, ಎರಡನೇ ವರ್ಷ. ಊರು ಗುಳೇದಗುಡ್ಡ, ನೇಕಾರರ ಮನಿ. ನಮ್ಮಜ್ಜಿ ಈಗೂ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತ್ರ ಊಟಕ್ಕ ಕರದ್ರೂ ಏಳಂಗಿಲ್ಲ. 1850ರ ದಶಕದಾಗ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆಯವ್ರು ನಮ್ಮೂರಿಗೆ ಬಂದು ಸಾಲಿ ತಗದ್ರಲ್ಲ, ಆ ಸಾಲಿಗೆ ಯಾವ ಓಣಿ ಹುಡುಗ್ರು ಹೋದ್ರು, ಯಾರು ಮಗ್ಗ ಬಿಡಲಿಲ್ಲ ಅನ್ನೋದು ನನ್ನ ವಿಷಯ.

ಮಿಷನ್‌ನ ಹಳೇ ಫೋಟೋ ಆನ್‌ಲೈನ್‌ನಾಗ ಪುಕ್ಕಟೆ ಸಿಗ್ತಾವು. ಆದ್ರ ಕಾಗದಪತ್ರ ಇರೋದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಾಗ, ಜರ್ಮನ್‌ದಾಗ. ಒಂದು ಪುಟದ ಪ್ರತಿ ತರಿಸಿದ್ದೆ. ಇರುವಿ ಸಾಲು ಹೊಂಟಂಗ ಐತಿ. ಇಡೀ ಪುಟದಾಗ ನನಗ ಓದಾಕ ಬಂದದ್ದು ಒಂದ ಒಂದು ಶಬ್ದ, ‘ಗುಳೇದಗುಡ್ಡ’! ಗೈಡ್ ಸರ್ ಅಂತಾರ, "ಇಂಗ್ಲಿಷ್‌ನಾಗ ಬಂದದ್ದಷ್ಟ ಸಾಕು, ಮೊದಲು ಎರಡು ಲೇಖನ ಅಚ್ಚಾಗಲಿ." ಒಂದು ವರ್ಷ ಜರ್ಮನ್‌ಗೆ ಹಾಕೋದು ಶಾಣ್ಯಾತನನೋ ಹುಚ್ಚುತನನೋ?

ನಿವೃತ್ತ ಮಾಸ್ತರ, ಬೆಳಗಾವಿ

ತಂಗೀ, ಆ ಒಂದ ಶಬ್ದ ಯಾಕ ಓದಾಕ ಬಂತು ಗೊತ್ತದ ಏನು? ಆಗಿನ ಜರ್ಮನ್ನರು ಕೈಬರಹಕ್ಕ ‘ಕುರೆಂಟ್’ ಅನ್ನೋ ಬ್ಯಾರೇ ಲಿಪಿ ಬಳಸ್ತಿದ್ರು. ಪರದೇಶದ ಊರು, ಹೆಸರು ಬಂದ್ರ ಮಾತ್ರ ಬಹಳಷ್ಟು ಸಲ ರೋಮನ್ ಅಕ್ಷರಕ್ಕ ಹೊರಳ್ತಿದ್ರು. ಕುರೆಂಟ್‌ನಾಗ ‘ಇ’ ಬರದ್ರ ‘ಎನ್’ ಕಂಡಂಗ ಕಾಣ್ತದ. ‘ಯು’ ಮ್ಯಾಲೆ ಸಣ್ಣ ಕಮಾನು ಇರ್ತದ, ಅದನ್ನ ಹಿಡಕೊಂಡ ಗುರ್ತಾ ಹಚ್ಚಬೇಕು. ಇವತ್ತಿನ ಜರ್ಮನ್ ಹುಡುಗ್ರಿಗೂ ಇದು ಓದಾಕ ಬರಂಗಿಲ್ಲ. ಹಿಂಗಾಗಿ ಬರೇ ಭಾಷಾ ಕ್ಲಾಸಿನಿಂದ ಕೆಲಸ ಆಗಂಗಿಲ್ಲ. ಟ್ರಾನ್ಸ್‌ಕ್ರಿಬಸ್ ಅಂತ ಒಂದು ಸಾಫ್ಟ್‌ವೇರ್ ಅದ, ಪುಟದ ಚಿತ್ರ ಹಾಕಿದ್ರ ಅಚ್ಚಿನ ಅಕ್ಷರ ಮಾಡಿ ಕೊಡ್ತದ. ತಪ್ಪು ಮಾಡ್ತದ ಅದೂ, ತಿದ್ದೋವಷ್ಟು ಜರ್ಮನ್ ನಿನಗ ಬರಬೇಕು. ಮಾತಾಡಾಕ ಕಲೀಬ್ಯಾಡ, ಓದಾಕ ಕಲಿ. ಪುಣೆದಾಗ ಪರದೇಶದ ಭಾಷಾ ಕಲಸೋ ರಾನಡೆ ಇನ್‌ಸ್ಟಿಟ್ಯೂಟ್ ಅದ, ಬೆಳಗಾವಿಯಿಂದ ರಾತ್ರಿ ಬಸ್ಸು.

ಜರ್ಮನ್ ಎಂಎ, ಪುಣೆ

ನಿಮ್ಮ ಗೈಡ್ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಜರ್ಮನ್‌ನಲ್ಲಿ ಶಿಕ್ಷಣಕ್ಕೆ ಎರಡು ಶಬ್ದ. ‘ಎರ್ತ್ಸಿಹುಂಗ್’ ಅಂದರೆ ಮಗುವನ್ನು ತಿದ್ದಿ ಬೆಳೆಸುವುದು, ಬೇರೆಯವರು ಮಾಡುವ ಕೆಲಸ. ‘ಬಿಲ್ಡುಂಗ್’ ಅಂದರೆ ಮನುಷ್ಯ ಒಳಗಿಂದ ತಾನೇ ರೂಪುಗೊಳ್ಳುವುದು. ಇಂಗ್ಲಿಷ್‌ಗೆ ಬಂದಾಗ ಎರಡೂ ‘ಎಜುಕೇಶನ್’ ಆಗಿಬಿಡುತ್ತವೆ. ನೇಕಾರರ ಮಕ್ಕಳ ಬಗ್ಗೆ ಪಾದ್ರಿ ಯಾವ ಶಬ್ದ ಬರೆದಿದ್ದಾನೆ ಅನ್ನುವುದೇ ನಿಮ್ಮ ಒಂದು ಅಧ್ಯಾಯ ಆಗಬಹುದು. ನಿಮ್ಮದೇ ಶಾಸ್ತ್ರದ ಮ್ಯಾಕ್ಸ್ ವೇಬರ್‌ನನ್ನೇ ನೋಡಿ. ಆಧುನಿಕ ಆರ್ಥಿಕ ವ್ಯವಸ್ಥೆ ಮನುಷ್ಯನಿಗೆ ‘ಕಬ್ಬಿಣದ ಪಂಜರ’ ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದೆವಲ್ಲ, ಅದು 1930ರಲ್ಲಿ ಪಾರ್ಸನ್ಸ್ ಮಾಡಿದ ಅನುವಾದ. ವೇಬರ್ ಬರೆದದ್ದು ಉಕ್ಕಿನಷ್ಟು ಗಟ್ಟಿಯಾದ ಕವಚ ಎನ್ನುವ ಅರ್ಥದ ಮಾತು. ಪಂಜರದಿಂದ ಹಕ್ಕಿ ಹಾರಿಹೋಗಬಹುದು, ಚಿಪ್ಪು ಬಿಟ್ಟು ಆಮೆ ಎಲ್ಲಿಗೆ ಹೋದೀತು?

ಹಾಗೇ ನೆನಪಾಯಿತು: ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಇದೇ ಬಾಸೆಲ್ ಮಿಷನ್‌ನ ಗುಂಡರ್ಟ್ ಅವನ ತಾಯಿಯ ತಂದೆ. ಗುಂಡರ್ಟ್ ಬಿಟ್ಟುಹೋದ ಹಸ್ತಪ್ರತಿ, ಪುಸ್ತಕಗಳನ್ನು ಟ್ಯೂಬಿಂಗನ್ ವಿಶ್ವವಿದ್ಯಾಲಯ ಆನ್‌ಲೈನ್‌ನಲ್ಲಿ ಇಟ್ಟಿದೆ. ಹೆಚ್ಚಿನವು ಮಲಯಾಳಂ, ಕನ್ನಡದವೂ ಇವೆ. ಒಮ್ಮೆ ಕಣ್ಣಾಡಿಸಿ.

ಲಾಳಿ, ಗುಳೇದಗುಡ್ಡ

ಯವ್ವಾ, ಪಾದ್ರಿ ಬರದದ್ದು ಪಾದ್ರಿಗೆ ಕಂಡಷ್ಟ. ಸಾಲಿಗೆ ಹೋಗದವ್ರ ಹೆಸರು ಸಾಲಿ ಹಾಜರಿಯೊಳಗ ಎಲ್ಲಿಂದ ಬರಬೇಕು? ನೂಲು ಯಾರಿಂದ ತಂದ್ರು, ಖಣ ಯಾರಿಗೆ ಹಾಕಿದ್ರು, ಯಾರ ಮನ್ಯಾಗ ಎಷ್ಟು ಮಗ್ಗ, ಅದೆಲ್ಲಾ ಸಾವ್ಕಾರ್ರ ಖಾತೆವಹಿಯೊಳಗ ಐತಿ. ನಮ್ಮ ಅಟ್ಟದ ಮ್ಯಾಲೆ ಕೆಂಪು ಅರಬಿ ಸುತ್ತಿದ ಮೂರು ವಹಿ ಅದಾವು, ಒಂದನ್ನ ಗೊರಲಿ ಅರ್ಧಾ ತಿಂದೈತಿ. ಬಂದು ನೋಡು. ಬಾಸೆಲ್‌ಗೆ ಆಮ್ಯಾಲೆ ಹೋಗುವಂತಿ.

ಖಣದ ಮನಿ ಹುಡುಗಿ

ಕಾಕಾ, ಈ ಐತವಾರನ ಬರ್ತೀನ್ರಿ. ಗೊರಲಿಗೆ ಅಲ್ಲೀತನಕ ಉಪವಾಸ ಇರಾಕ ಹೇಳ್ರಿ. ಮಾಸ್ತರ್ರ, ಕುರೆಂಟ್ ಅಕ್ಷರಮಾಲೆ ಪ್ರಿಂಟ್ ಹಾಕಿ ಗ್ವಾಡಿಗೆ ಹಚ್ಚೀನಿ.

ಲಾಳಿ, ಗುಳೇದಗುಡ್ಡ

ಬಾರವ್ವ. ಒಂದು ಮಾತು ಹೇಳಾಕ ಮರತೆ, ಮೂರೂ ವಹಿ ಮೋಡಿ ಲಿಪಿಯೊಳಗ ಅದಾವು, ಮರಾಠಿಯವ್ರ ಹಳೇ ಕೂಡುಬರಹ. ನಮ್ಮಪ್ಪ ಹ್ವಾದಮ್ಯಾಲೆ ಮನ್ಯಾಗ ಓದಾವ್ರು ಯಾರೂ ಇಲ್ಲ.

ಖಣದ ಮನಿ ಹುಡುಗಿ

ಅಯ್ಯ ಶಿವನ! ಮಾಸ್ತರ್ರ, ಪುಣೆದಾಗ ಮೋಡಿನೂ ಕಲಸ್ತಾರೇನ್ರಿ?