ಡಿಸ್ಕ್ ಹೋಯಿತು, ಬ್ಯಾಕಪ್ಪೂ ಅದರಲ್ಲೇ ಇತ್ತು. ಉದ್ರಿ ಲೆಕ್ಕ ಮತ್ತೆ ಕಟ್ಟೋದು ಹೇಗೆ?

ಪೈಪ್ ಅಂಗಡಿ, ಕಲಬುರಗಿ

ಶರಣ್ರಿ ಎಲ್ಲರಿಗೂ. ಕಲಬುರಗಿಯಲ್ಲಿ ನಮ್ಮದು ಪೈಪು, ಫಿಟ್ಟಿಂಗು, ಬೋರ್‌ವೆಲ್ ಮೋಟಾರಿನ ಅಂಗಡಿ. ಅಪ್ಪ ಇಟ್ಟ ಅಂಗಡಿ, ಈಗ ನಾನು ನೋಡಿಕೊಳ್ಳುತ್ತೇನೆ. ಈ ವಾರ ನಿದ್ದೆ ಸರಿ ಬಂದಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಏಪ್ರಿಲ್ 3ರ ಮಧ್ಯಾಹ್ನ ಕರೆಂಟು ಎರಡು ಮೂರು ಸಲ ಹೋಗಿ ಬಂತು. ಆಮೇಲೆ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ. ಒಳಗಿಂದ ಟಕ್, ಟಕ್, ಟಕ್ ಅಂತ ಸದ್ದು, ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಟಕ್ ಟಕ್. ರಿಪೇರಿಯವರೊಬ್ಬರು ಬಂದು ನೋಡಿ, ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿ ವಿಂಡೋಸ್ ಹಾಕಿಕೊಡುತ್ತೇನೆ ಅಂದರು. ಬ್ಯಾಕಪ್ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ಬ್ಯಾಕಪ್ ತೆಗೆಯುತ್ತಿದ್ದೆವು, ಒಂದು ದಿನವೂ ತಪ್ಪಿಸಿಲ್ಲ. ಆದರೆ ಅದು ಹೋಗುತ್ತಿದ್ದದ್ದು ಡಿ ಡ್ರೈವ್‌ಗೆ. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ ಅಂತ ನನಗೆ ಗೊತ್ತಾಗಿದ್ದೇ ಮೊನ್ನೆ.

ಹೋಗಿರುವುದು 5 ವರ್ಷದ ಲೆಕ್ಕ. ಜಾಸ್ತಿ ಸಂಕಟ ಉದ್ರಿ ಖಾತೆಯದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸುಮಾರು 140 ರೈತರು ನಮ್ಮಲ್ಲಿ ಪೈಪು, ಮೋಟಾರು ಒಯ್ಯುತ್ತಾರೆ. ತೊಗರಿ ರಾಶಿ ಆಗಿ, ಗಂಜ್‌ನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಮಾರಿದ ಮೇಲೆ ದುಡ್ಡು ಕೊಡುತ್ತಾರೆ. ಈ ಸಲ ಕೆಲವರು ಪೂರ್ತಿ ಕೊಟ್ಟಿದ್ದಾರೆ, ಕೆಲವರು ಅರ್ಧ, ಇನ್ನು ಕೆಲವರು ರೇಟು ಏರಲಿ ಅಂತ ಚೀಲ ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಯಾರದ್ದು ಎಷ್ಟು ಬಾಕಿ ಅಂತ ನನ್ನ ತಲೆಯಲ್ಲಿರುವುದು ಇಪ್ಪತ್ತು ಮೂವತ್ತು ಜನರದ್ದು ಮಾತ್ರ. ಒಟ್ಟು 11 ಲಕ್ಷದ ಆಸುಪಾಸು ಬರಬೇಕು.

ಇನ್ನೊಂದು ಕಷ್ಟ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ ಜನವರಿಯಲ್ಲಿ ಪುಣೆಗೆ ಬೇರೆ ಕೆಲಸಕ್ಕೆ ಹೋದ. ಒಳ್ಳೆ ಹುಡುಗ, ಈಗಲೂ ಫೋನ್ ಮಾಡಿದರೆ ಹೇಳಿಕೊಡುತ್ತಾನೆ. ಆದರೆ ಜಿಎಸ್‌ಟಿ ಪೋರ್ಟಲಿನ ಓಟಿಪಿ ಬರುವುದು ಅವನ ಮೊಬೈಲಿಗೆ. ನಾವು ತಿಂಗಳು ತಿಂಗಳು ರಿಟರ್ನ್ ಹಾಕುವವರು, ಮಾರ್ಚ್‌ದು ಇನ್ನೂ ಹಾಕಿಲ್ಲ. ಡಿಸ್ಕಿನಿಂದ ಏನಾದರೂ ವಾಪಸ್ ಬರುತ್ತಾ? ಬರದಿದ್ದರೆ ಎಲ್ಲಿಂದ ಶುರು ಮಾಡಲಿ?

ರಿಪೇರಿ ಟೇಬಲ್

ಅಣ್ಣಾ, ಮೊದಲು ಒಂದೇ ಮಾತು. ಆ ಕಂಪ್ಯೂಟರನ್ನು ಮತ್ತೆ ಆನ್ ಮಾಡಬೇಡಿ. ಒಂದು ಸಲವೂ ಬೇಡ.

ಹಳೇ ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆ ಜೋರಾಗಿ ತಿರುಗುತ್ತಿರುತ್ತದೆ, ಅದರ ಮೇಲೆ ಕೂದಲೆಳೆಯಷ್ಟೂ ಅಂತರವಿಲ್ಲದೆ ಒಂದು ಹೆಡ್ ಓಡಾಡುತ್ತದೆ. ಟಕ್ ಟಕ್ ಅಂದರೆ ಆ ಹೆಡ್ ತನ್ನ ಜಾಗ ಸಿಗದೆ ಹೋಗಿ ಹೋಗಿ ವಾಪಸ್ ಬರುತ್ತಿದೆ ಅಂತ. ಹೆಡ್ ಕೆಟ್ಟಿದ್ದು ತಟ್ಟೆಗೆ ತಾಗಿದರೆ ಗೀರು ಬೀಳುತ್ತದೆ, ಗೀರು ಬಿದ್ದ ಕಡೆಯ ಡೇಟಾ ಯಾರಿಂದಲೂ ಬರುವುದಿಲ್ಲ. ಫ್ರಿಜ್‌ನಲ್ಲಿಡಿ, ಮೆಲ್ಲಗೆ ತಟ್ಟಿ ನೋಡಿ ಅಂತ ಹೇಳುವವರ ಮಾತು ಕೇಳಬೇಡಿ. ಹೊಸ ಡಿಸ್ಕ್ ಹಾಕಿಸಿಕೊಳ್ಳಿ, ಅಡ್ಡಿಯಿಲ್ಲ, ಆದರೆ ಹಳೆಯದನ್ನು ನಿಮ್ಮ ಕೈಗೇ ಇಸಿದುಕೊಳ್ಳಿ. ಹಳೇ ಡಿಸ್ಕನ್ನು ವಾಪಸ್ ಕೇಳದೇ ಬಿಟ್ಟು, ಆಮೇಲೆ ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ.

ನಮ್ಮಂಥ ಟೇಬಲ್ ಅಂಗಡಿಯಲ್ಲಿ ಇದನ್ನು ಬಿಚ್ಚಬಾರದು. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಹೆಡ್ ಬದಲಾಯಿಸುವ ಲ್ಯಾಬ್‌ಗಳು ಹೈದರಾಬಾದ್, ಬೆಂಗಳೂರಿನಲ್ಲಿ ಇವೆ. ಕೊಡುವ ಮೊದಲೇ ನೋಡುವುದಕ್ಕೆ ಎಷ್ಟು, ಡೇಟಾ ಬಂದರೆ ಎಷ್ಟು, ಬರದಿದ್ದರೆ ಎಷ್ಟು ಅಂತ ಬರೆಸಿಕೊಳ್ಳಿ. ನನಗೆ ಬೇಕಾಗಿರುವುದು ಟ್ಯಾಲಿ ಡೇಟಾ ಫೋಲ್ಡರ್ ಮತ್ತು ಡಿ ಡ್ರೈವ್‌ನ ಬ್ಯಾಕಪ್, ಇವೆರಡೇ ಅಂತ ಸ್ಪಷ್ಟವಾಗಿ ಹೇಳಿ. ಟ್ಯಾಲಿ ಡೇಟಾ ಗಾತ್ರದಲ್ಲಿ ಸಣ್ಣದು. ಪೂರ್ತಿ ಡಿಸ್ಕ್ ಬರದಿದ್ದರೂ ಅದಷ್ಟೇ ಸಿಗುವ ಆಸೆ ಇರುತ್ತದೆ.

ಮುಂದಿನದಕ್ಕೆ: ಕಂಪ್ಯೂಟರಿಗೆ ಅಂತಲೇ ಒಂದು ಸಣ್ಣ ಯುಪಿಎಸ್ ಇಡಿ. ಫ್ಯಾನು, ಲೈಟಿನ ಇನ್ವರ್ಟರ್ ನಂಬಿಕೊಂಡು ಕೂರಬೇಡಿ, ಕೆಲವು ಇನ್ವರ್ಟರ್‌ಗಳು ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿ ಹೋಗಿರುತ್ತದೆ. ಯುಪಿಎಸ್ ಬೇಕಾಗಿರುವುದು ತಾಸುಗಟ್ಟಲೆ ಕೆಲಸ ಮಾಡುವುದಕ್ಕಲ್ಲ, ಬಿಲ್ ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡುವುದಕ್ಕೆ. ನಮ್ಮ ಊರಿನ 40 ಡಿಗ್ರಿ ದಾಟುವ ಬಿಸಿಲಿಗೆ ಅದರ ಬ್ಯಾಟರಿ ಬೇಗ ಸೋಲುತ್ತದೆ, ಬೇಸಿಗೆಗೆ ಮುಂಚೆ ಒಂದು ಸಲ ಪ್ಲಗ್ ಕಿತ್ತು ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ವಿಂಡೋಸ್ ಹಾಕಿಸುವಾಗ 10 ಹಾಕಿಸಬೇಡಿ, ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ.

ಲೆಕ್ಕದ ಕೆಲಸ, ಬೀದರ್

ಜಿಎಸ್‌ಟಿ ಕಡೆಯದು ನಾನು ಹೇಳುತ್ತೇನೆ, ಅದು ನೀವು ಹೆದರಿದಷ್ಟು ಹೋಗಿಲ್ಲ.

ನೀವು ಹಾಕಿದ ಪ್ರತಿ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್, ಪೋರ್ಟಲಿನಲ್ಲೇ ಇದೆ. ಜಿಎಸ್‌ಟಿ ನಂಬರ್ ಇರುವ ಗಿರಾಕಿಗೆ, ಅಂದರೆ ಕಂಟ್ರಾಕ್ಟರಿಗೋ ಬೇರೆ ಅಂಗಡಿಗೋ ಮಾಡಿದ ಬಿಲ್ ಪ್ರತಿಯೊಂದೂ ನಂಬರ್, ತಾರೀಕು, ಮೊತ್ತದ ಸಮೇತ ಸಿಗುತ್ತದೆ. ಎಷ್ಟು ಪೈಪು, ಯಾವ ಸೈಜು ಅಂತ ಇರುವುದಿಲ್ಲ. ಖರೀದಿಗೆ ಜಿಎಸ್‌ಟಿಆರ್-2ಬಿ ಇಳಿಸಿಕೊಳ್ಳಿ, ನಿಮಗೆ ಮಾಲು ಕೊಟ್ಟವರು ಹಾಕಿದ ಬಿಲ್ಲೆಲ್ಲ ಅದರಲ್ಲಿವೆ. ಇದರ ಜೊತೆ ಬ್ಯಾಂಕ್ ಸ್ಟೇಟ್‌ಮೆಂಟ್, ಮಾಲು ಸಾಗಿಸುವಾಗ ಮಾಡಿದ ಇ-ವೇ ಬಿಲ್ ಪಟ್ಟಿ. ಕಳೆದ ವರ್ಷ ಆಡಿಟರ್ ಹತ್ತಿರ ಕೊಟ್ಟ ಡೇಟಾ ಇದ್ದರೆ ಮೊದಲು ಅದನ್ನೇ ಕೇಳಿ! ಎಷ್ಟೋ ಸಲ ಅವರ ಮೇಲ್‌ನಲ್ಲಿ ಪೂರ್ತಿ ಬ್ಯಾಕಪ್ ಸುಮ್ನೆ ಬಿದ್ದಿರುತ್ತದೆ.

ಮಾರ್ಚ್ ತಿಂಗಳಿಗೆ ಬಿಲ್ಲಿನ ನಕಲು ಪ್ರತಿ ಫೈಲಿನಲ್ಲಿ ಇರಬೇಕಲ್ವಾ? ಅದನ್ನು ನೋಡಿ ಜಿಎಸ್‌ಟಿಆರ್-1 ನೇರ ಪೋರ್ಟಲಿನಲ್ಲೇ ತುಂಬಿ, 11ರೊಳಗೆ. ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ 20ರೊಳಗೆ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟದ ತೆರಿಗೆಯ ಮೇಲೆ ವರ್ಷಕ್ಕೆ 18% ಬಡ್ಡಿ. ಏಪ್ರಿಲ್‌ನಿಂದ ಹೇಗೂ ಹೊಸ ವರ್ಷ, ಬಿಲ್ ನಂಬರಿಗೆ ಹೊಸ ಸಾಲು ಶುರು ಮಾಡಿ, ಹಳೇದರ ಗೊಂದಲ ಇದಕ್ಕೆ ತಾಗುವುದಿಲ್ಲ. ಜಿಎಸ್‌ಟಿ ದಾಖಲೆಯನ್ನು ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು ಅಂತ ಕಾನೂನಿದೆ, ಹಾಗಾಗಿ ಹಳೇ ವರ್ಷದ್ದು ಹೋದರೆ ಹೋಗಲಿ ಅಂತ ಬಿಡಬೇಡಿ.

ಓಟಿಪಿ ವಿಷಯ ಇವತ್ತೇ ಮುಗಿಸಿ. ಹುಡುಗ ಫೋನಿಗೆ ಸಿಗುತ್ತಿರುವಾಗಲೇ ಅವನನ್ನು ಲೈನಿನಲ್ಲಿಟ್ಟುಕೊಂಡು ಲಾಗಿನ್ ಆಗಿ, ನೋಂದಣಿ ತಿದ್ದುಪಡಿಗೆ ಹೋಗಿ, ನಾನ್-ಕೋರ್ ಅಂತ ಇರುವ ಕಡೆ ನಿಮ್ಮ ಮೊಬೈಲು, ನಿಮ್ಮ ಮೇಲ್ ಹಾಕಿ. ಅವನು ಸಿಮ್ ಬದಲಾಯಿಸಿದ ಮೇಲೆ ಎಚ್ಚರವಾದರೆ ತೆರಿಗೆ ಅಧಿಕಾರಿಯ ಕಚೇರಿಗೆ ಅರ್ಜಿ ಹಿಡಿದು ಹೋಗಬೇಕಾಗುತ್ತದೆ. ಅಂಗಡಿಯ ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ. ಹುಡುಗನ ಮೇಲೆ ಅನುಮಾನ ಅಂತಲ್ಲ. ಅವನ ಮೊಬೈಲ್ ಬೇರೆಯವರ ಕೈಗೆ ಸಿಕ್ಕರೆ ಅವನಿಗೂ ಕಷ್ಟ, ನಿಮಗೂ ಕಷ್ಟ.

ಪೈಪ್ ಅಂಗಡಿ, ಕಲಬುರಗಿ

ಇಬ್ಬರಿಗೂ ತುಂಬಾ ಉಪಕಾರವಾಯಿತು. ಡಿಸ್ಕ್ ಬಿಚ್ಚಿಸಿ ತೆಗೆದಿಟ್ಟಿದ್ದೇನೆ, ಅಳಿಯ ಸೋಮವಾರ ಹೈದರಾಬಾದಿಗೆ ಹೋಗುವವನಿದ್ದಾನೆ. ಆಡಿಟರ್ ಹತ್ತಿರ ಹೋದ ವರ್ಷದ ಮಾರ್ಚ್‌ವರೆಗಿನ ಬ್ಯಾಕಪ್ ಸಿಕ್ಕಿತು! ಅಂದರೆ ಹೋಗಿರುವುದು ಒಂದು ವರ್ಷದ್ದು. ಆದರೆ ಉದ್ರಿ ಎಲ್ಲ ಆ ಒಂದು ವರ್ಷದಲ್ಲೇ ಇದೆ. ರೈತರಿಗೆ ಜಿಎಸ್‌ಟಿ ನಂಬರ್ ಇಲ್ಲ, ಹಾಗಾಗಿ ಪೋರ್ಟಲಿನಲ್ಲಿ ಅವರ ಹೆಸರೇ ಇಲ್ಲ, ಒಟ್ಟು ಮೊತ್ತ ಮಾತ್ರ. ಅವರ ಬಿಲ್ಲಿಗೆ ನಾವು ನಕಲು ಇಡುತ್ತಿರಲಿಲ್ಲ, ಒಂದೇ ಪ್ರತಿ, ಅದು ಅವರ ಕೈಯಲ್ಲಿ. ಲೆಕ್ಕ ಹೋಗಿದೆ ಅಂತ ರೈತರಿಗೆ ಹೇಳಬೇಕಾ ಬೇಡವಾ?

ಮೊಬೈಲ್ ಅಂಗಡಿ, ಹುಮನಾಬಾದ್

ಹೇಳಬೇಡಿ ಸಾರ್. ಹೇಳಿದ ದಿನವೇ ಊರೂರಿಗೆ ಸುದ್ದಿ ಹೋಗುತ್ತದೆ, ಅರ್ಧ ಜನ ಕೊಟ್ಟಾಗಿದೆ ಅಂತಾರೆ. ಸುಮ್ಮನೆ ಒಬ್ಬೊಬ್ಬರಿಗೆ ಫೋನ್ ಮಾಡಿ ಬಾಕಿ ಎಷ್ಟಿದೆ ನೋಡಿಕೊಳ್ಳಿ ಅಂತ ಅವರ ಬಾಯಿಂದಲೇ ಹೇಳಿಸಿ.

ಗೊಬ್ಬರದ ಅಂಗಡಿ, ಯಾದಗಿರಿ

ತಮ್ಮಾ, ನಾನು ಇದನ್ನು ಒಪ್ಪುವುದಿಲ್ಲ. ನನ್ನ ಅನುಭವ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ಹೊಳೆ ದಂಡೆಯ ಊರಿನಲ್ಲಿದ್ದ ನಮ್ಮ ಅಂಗಡಿಯೊಳಗೆ ನೀರು ಬಂತು. ಗೊಬ್ಬರ ಕರಗಿ ಹೋಯಿತು, ಅದು ಬಿಡಿ. ಉದ್ರಿ ಬುಕ್ಕು ಕೆಳಗಿನ ಕಪಾಟಿನಲ್ಲಿತ್ತು. ನೀರು ಇಳಿದ ಮೇಲೆ ನಾನೂ ಅತ್ತೆಯೂ ಮಾಳಿಗೆ ಮೇಲೆ ಸೀರೆ ಹಾಸಿ ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದೆವು, ಗಾಳಿಗೆ ಹಾರದಂತೆ ಹಾಳೆಗೊಂದು ಕಲ್ಲು. ಬಾಲ್‌ಪೆನ್ನಿನಲ್ಲಿ ಬರೆದದ್ದು ಉಳಿದಿತ್ತು, ಜೆಲ್ ಪೆನ್ನಿನಲ್ಲಿ ಬರೆದದ್ದೆಲ್ಲ ನೀಲಿ ಮೋಡದಂತೆ ಹರಡಿಕೊಂಡಿತ್ತು. ಸುಮಾರು ಮೂರನೇ ಒಂದು ಭಾಗ ಹೋಯಿತು.

ನಮ್ಮ ಮಾವನವರು ಏನು ಮಾಡಿದರು ಗೊತ್ತಾ? ಪ್ರತಿ ಊರಿಗೂ ಹೋದರು. ಬುಕ್ಕು ನೀರಿಗೆ ಹೋಗಿದೆ, ನಿಮ್ಮ ಹತ್ತಿರ ಚೀಟಿ ಇದ್ದರೆ ತೋರಿಸಿ, ಇಲ್ಲದಿದ್ದರೆ ನಿಮ್ಮ ನೆನಪಿನಲ್ಲಿದ್ದದ್ದು ಹೇಳಿ ಅಂತ ನೇರವಾಗಿ ಕೇಳಿದರು. ಕೆಲವರು ಕಡಿಮೆ ಹೇಳಿದರು, ನಿಜ. ಆದರೆ ಹೆಚ್ಚಿನವರು ಸರಿಯಾಗೇ ಹೇಳಿದರು, ಇಬ್ಬರಂತೂ ನಮಗೇ ನೆನಪಿಲ್ಲದ ಎರಡು ಚೀಲ ಯೂರಿಯಾದ ಬಾಕಿಯನ್ನು ತಾವಾಗಿ ಹೇಳಿದರು. ರೈತನಿಗೆ ಮುಂದಿನ ಮುಂಗಾರಿಗೆ ಮತ್ತೆ ಉದ್ರಿ ಬೇಕು, ನಮಗೂ ಅವನು ಬೇಕು. ಫೋನ್ ಮಾಡಿ ಉಪಾಯದಿಂದ ಬಾಯಿ ಬಿಡಿಸಲು ಹೋದರೆ ಅವನಿಗೆ ತಿಳಿಯುವುದಿಲ್ಲವೇ? ತಿಳಿದ ಮೇಲೆ ಮೊದಲು ನಿಮ್ಮ ಲೆಕ್ಕ ತೋರಿಸಿ ಸಾವ್ಕಾರ್ರೆ ಅಂತಾನೆ.

ಹೋಗುವ ಮುಂಚೆ ಆದಷ್ಟು ಲೆಕ್ಕ ಕಟ್ಟಿಕೊಂಡು ಹೋಗಿ. ಫೋನ್‌ಪೇ, ಗೂಗಲ್‌ಪೇಯಲ್ಲಿ ಅವರು ಕೊಟ್ಟದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಹೆಸರಿನ ಸಮೇತ ಇರುತ್ತದೆ. ಮಾಲು ಮುಟ್ಟಿಸಿದ ಟಂಟಂ ಗಾಡಿಯವನನ್ನು ಕೇಳಿ, ಯಾರ ಹೊಲಕ್ಕೆ ಯಾವಾಗ ಇಳಿಸಿದೆ ಅಂತ ಅವನಿಗೆ ನೆನಪಿರುತ್ತದೆ. ಮೋಟಾರು ಕೊಟ್ಟಿದ್ದರೆ ಗ್ಯಾರಂಟಿ ಕಾರ್ಡಿನ ನಂಬರ್ ನೋಡಿ. ಒಂದು ಊರಿಗೆ ಒಂದು ನೋಟ್‌ಬುಕ್ಕು, ಒಬ್ಬರಿಗೆ ಒಂದು ಪುಟ. ಅವರೆದುರೇ ಬರೆದು ಓದಿ ಹೇಳಿ, ಸಹಿ ಹಾಕಿಸಿ, ಆ ಪುಟದ ಫೋಟೋ ಅವರ ಮೊಬೈಲಿಗೂ ಅಲ್ಲೇ ಕಳಿಸಿ. ಆಗ ಲೆಕ್ಕ ಎರಡು ಕಡೆ ಉಳಿಯುತ್ತದೆ.

ಲೆಕ್ಕದ ಕೆಲಸ, ಬೀದರ್

ಅಕ್ಕಾವ್ರು ಹೇಳಿದ ಸಹಿ ಬಹಳ ಮುಖ್ಯ. ಮಾಲು ಕೊಟ್ಟ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷದ ಅವಧಿ. ಆ ಅವಧಿ ಮುಗಿಯುವ ಮೊದಲು ಬಾಕಿ ಇದೆ ಅಂತ ಅವರು ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ 3 ವರ್ಷ ಎಣಿಕೆ. ಬರೀ ನಿಮ್ಮ ಖಾತೆಯಲ್ಲಿ ಬರೆದುಕೊಂಡಿದ್ದೀರಿ ಅನ್ನುವುದೊಂದೇ ಸಾಲ ಸಾಬೀತು ಮಾಡಲು ಸಾಲದು, ಟ್ಯಾಲಿ ಇದ್ದರೂ ಅಷ್ಟೇ. ಕೋರ್ಟಿಗೆ ಯಾರೂ ಹೋಗುವುದು ಬೇಡ, ಆದರೆ ಕಾಗದ ಇರಲಿ.

ಇನ್ನು ಬ್ಯಾಕಪ್. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಹಿಡಿದು ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಅಲ್ಲಿಂದ ಬ್ಯಾಕಪ್ ತೆಗೆದು ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದು ದಿನ ಒಂದು, ಮರುದಿನ ಇನ್ನೊಂದು. ಕಾಪಿ ಆದ ತಕ್ಷಣ ಕಿತ್ತು ಮನೆಗೆ ಒಯ್ಯಿರಿ. ಸದಾ ಚುಚ್ಚಿಟ್ಟಿದ್ದರೆ ವೈರಸ್ ಬಂದಾಗ ಅದೂ ಜೊತೆಗೇ ಹೋಗುತ್ತದೆ. ಅದೇ ಬ್ಯಾಕಪ್ ಫೈಲನ್ನು ಗೂಗಲ್ ಡ್ರೈವ್‌ಗೂ ಏರಿಸಿ, 15 ಜಿಬಿ ಪುಕ್ಕಟೆ ಸಿಗುತ್ತದೆ. ಆದರೆ ಕೆಲಸ ನಡೆಯುತ್ತಿರುವ ಟ್ಯಾಲಿ ಫೋಲ್ಡರನ್ನೇ ಡ್ರೈವ್‌ನೊಳಗೆ ಇಡಬೇಡಿ, ಬಿಲ್ ಹಾಕುತ್ತಿರುವಾಗಲೇ ಅದು ಸಿಂಕ್ ಆಗಲು ಹೋಗಿ ಡೇಟಾ ಕೆಡಬಹುದು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆರೆದು ಕೊನೇ ಬಿಲ್ ಕಾಣುತ್ತಿದೆಯಾ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪೈಪ್ ಅಂಗಡಿ, ಕಲಬುರಗಿ

ಹತ್ತು ದಿನ ಆಯಿತು, ಎಲ್ಲಿಗೆ ಬಂತು ಅಂತ ಹೇಳುತ್ತೇನೆ. ಜಿಎಸ್‌ಟಿಆರ್-1 ಹತ್ತನೇ ತಾರೀಕಿಗೆ ಹಾಕಿದೆವು. ಮೊಬೈಲ್ ನಂಬರ್ ನನ್ನದಾಯಿತು, ಹುಡುಗ ಪುಣೆಯಿಂದ ಅರ್ಧ ತಾಸು ಫೋನ್ ಹಿಡಿದುಕೊಂಡೇ ಇದ್ದ. ಡಿಸ್ಕ್ ಲ್ಯಾಬ್‌ನಲ್ಲಿದೆ, ಹೆಡ್ ಸಿಗಬೇಕು, ಇನ್ನೂ ಎರಡು ವಾರ ಅಂದಿದ್ದಾರೆ.

ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ಆಳಂದ ಕಡೆಯ ನಾಲ್ಕು ಊರು ಮುಗಿದವು, 31 ಜನರ ಪುಟಕ್ಕೆ ಸಹಿ ಆಗಿದೆ. ಒಬ್ಬ ಅಜ್ಜ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ನಮ್ಮ ಬಿಲ್ಲನ್ನು ಜೋಪಾನವಾಗಿ ತೆಗೆದು ಕೈಗಿಟ್ಟ. ನಾಲ್ಕು ಮಡಿಕೆ ಬಿಡಿಸಿ ನೋಡಿದರೆ ಬರೀ ಬಿಳೀ ಕಾಗದ. ನಮ್ಮ ಪ್ರಿಂಟರ್ ಥರ್ಮಲ್, ಬಿಸಿಗೆ ಅಕ್ಷರ ಪೂರ್ತಿ ಮಾಸಿ ಹೋಗಿತ್ತು. ಅಜ್ಜ ಮಾತ್ರ ಎರಡೂವರೆ ಇಂಚಿನ ಪೈಪು 22, ಫುಟ್‌ವಾಲ್ವ್ ಒಂದು, ಕೊಟ್ಟಿದ್ದು 6 ಸಾವಿರ ಅಂತ ಒಂದೇ ಉಸಿರಿನಲ್ಲಿ ಹೇಳಿದ. ಟಂಟಂನವನ ಲೆಕ್ಕಕ್ಕೂ ಅದು ಸರಿ ಹೊಂದಿತು.

ನಾಳೆಯಿಂದ ಉದ್ರಿ ಬಿಲ್ಲಿಗೆ ಕಾರ್ಬನ್ ಹಾಕಿ ಬರೆಯುವ ಪುಸ್ತಕ, ಬಾಲ್‌ಪೆನ್ನು. ಪ್ರೆಸ್ಸಿಗೆ 10 ಪುಸ್ತಕ ಹೇಳಿ ಬಂದಿದ್ದೇನೆ. ಸಹಿಗೆ ಒಂದು ಗೆರೆ ಮತ್ತು ರೈತರ ಮೊಬೈಲ್ ನಂಬರಿಗೆ ಒಂದು ಗೆರೆ ಹಾಕಿಸಿದ್ದೇನೆ. ಇನ್ನೇನಾದರೂ ಹಾಕಿಸಬೇಕಾ? ಶನಿವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಹೇಳಿ.