ಹತ್ತನೇ ಕ್ಲಾಸ್ ಐಸಿಎಸ್‌ಇ ಇಂಗ್ಲಿಷ್ ಲಿಟರೇಚರ್: ಟ್ಯೂಷನ್ನಾ, ಮನೆಯಲ್ಲೇನಾ? ಅನುಭವ ಇದ್ದವರು ಹೇಳಿ

ರಾಜಾಜಿನಗರದ ಅಮ್ಮ
ಮಗಳು ಈ ವರ್ಷ ಹತ್ತನೇ ಕ್ಲಾಸ್. ಲೆಕ್ಕ, ಸೈನ್ಸ್ ಪರವಾಗಿಲ್ಲ. ಲಿಟರೇಚರ್‌ನಲ್ಲಿ ಮಾತ್ರ ಅರ್ಧ ವಾರ್ಷಿಕಕ್ಕೆ 80ಕ್ಕೆ 41 ಬಂದಿದೆ. ಕಥೆ ಕೇಳಿದರೆ ಚೆನ್ನಾಗಿ ಹೇಳುತ್ತಾಳೆ. ಬರೆಯೋಕೆ ಕೂತರೆ ಮೂರು ಸಾಲಿಗೆ ಪೆನ್ನು ನಿಲ್ಲುತ್ತದೆ. ಪ್ರಾಜೆಕ್ಟ್ ಬೇರೆ ಬಾಕಿ ಇದೆ. ನಾನು ಓದಿದ್ದು ಕನ್ನಡ ಮೀಡಿಯಂ. ಟ್ಯೂಷನ್‌ಗೆ ಹಾಕೋದಾ, ನಾನೇ ಕೂರಿಸಿಕೊಂಡು ಓದಿಸೋದಾ?

ಬೆಂದುಹೋದ ಅಪ್ಪ, ವಿಜಯನಗರ
ಟ್ಯೂಷನ್ ಮಾತ್ರ ಬೇಡ. ಲೆಕ್ಕ ಕೊಡುತ್ತೇನೆ, ನೀವೇ ನೋಡಿ. ಅಡ್ಮಿಷನ್ 3,000. ತಿಂಗಳಿಗೆ 2,800. ಲಾಂಗ್ವೇಜ್, ಲಿಟರೇಚರ್ ಎರಡೂ ಸೇರಿ ಅಂದಿದ್ದವರು ಮುಂದಿನ ತಿಂಗಳೇ "ಅದು ಒಂದು ಪೇಪರ್‌ಗೆ ಸರ್" ಅಂದರು. ನೋಟ್ಸ್ ಅಂತ ಸ್ಪೈರಲ್ ಬೈಂಡ್ ಮಾಡಿದ ಕಟ್ಟಿಗೆ 650. ನೋಡಿದರೆ ಅವೆನ್ಯೂ ರಸ್ತೆಯಲ್ಲಿ ಸಿಗೋ ಗೈಡಿನ ಜೆರಾಕ್ಸ್! ಮೂಲೆಯಲ್ಲಿ ಗೈಡಿನ ಪುಟಸಂಖ್ಯೆ ಹಾಗೇ ಇತ್ತು. ಆಟೋಗೆ 90, ಮಳೆ ಬಂದರೆ 160, ಮೀಟರ್ ಅನ್ನೋ ಮಾತೇ ಇಲ್ಲ.

ಇಷ್ಟಾಗಿ ಕಲಿಸಿದ್ದು ಏನು? ಷೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್‌ನ ಕ್ಯಾರೆಕ್ಟರ್ ಸ್ಕೆಚ್ ಬಾಯಿಪಾಠ. ಪ್ರಿಲಿಮ್ಸ್‌ನಲ್ಲಿ ಕೇಳಿದ್ದು, ಸೀಸರ್‌ನ ಹೆಣದ ಮುಂದೆ ಅವನ ಗೆಳೆಯ ಆಂಟನಿಗೆ ಮಾತಾಡೋಕೆ ಬ್ರೂಟಸ್ ಯಾಕೆ ಬಿಟ್ಟ ಅಂತ. ನನ್ನ ಮಗ ಬ್ರೂಟಸ್ ಎಷ್ಟು ಒಳ್ಳೆಯವನು ಅಂತ ಎರಡು ಪುಟ ತುಂಬಿಸಿ ಬಂದ. ಟೀಚರ್ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು, ಅಷ್ಟೇ. ಸೆಂಟರ್‌ನವರನ್ನು ಕೇಳಿದರೆ "ನಿಮ್ಮ ಹುಡುಗ ಪ್ರಶ್ನೆ ಓದಲ್ಲ" ಅಂದರು. ಮತ್ತೆ ನೀವು ಯಾಕ್ರೀ ಇರೋದು?

ಮನೆಪಾಠದ ಮಿಸ್
ಒಬ್ಬರು ಮೋಸ ಮಾಡಿದರೆ ಎಲ್ಲರೂ ಕಳ್ಳರಾ ಸರ್? ನಾನೂ ಪಾಠ ಹೇಳುತ್ತೇನೆ, ಜೆರಾಕ್ಸ್ ಕೊಡುವುದಿಲ್ಲ.

ಪೇಪರ್ ಹೇಗಿದೆ ನೋಡಿ. ಎರಡು ಗಂಟೆ, ಐದು ಪ್ರಶ್ನೆ, ಪ್ರತಿಯೊಂದಕ್ಕೂ 16. ಮೊದಲನೆಯದು ಪೂರ್ತಿ ಆಬ್ಜೆಕ್ಟಿವ್. ಉಳಿದ ನಾಲ್ಕು ನಾಟಕ, ಕಥೆ, ಪದ್ಯದಿಂದ, ಯಾವುದನ್ನೂ ಪೂರ್ತಿ ಬಿಡುವ ಹಾಗಿಲ್ಲ. ಒಂದು ಪ್ರಶ್ನೆಗೆ 24 ನಿಮಿಷಕ್ಕಿಂತ ಜಾಸ್ತಿ ಸಿಗುವುದಿಲ್ಲ. ಮಕ್ಕಳು ಗೊತ್ತಿರೋ ಪ್ರಶ್ನೆಗೆ 40 ನಿಮಿಷ ಸುರಿದು, ಕೊನೆಗೆ ಪದ್ಯ ಬಿಟ್ಟು ಬರುತ್ತಾರೆ.

ನನ್ನ ಹತ್ತಿರ ಬರುವವರಿಗೆ ಮೊದಲು ಪೆನ್ನು ಮುಟ್ಟಿಸುವುದಿಲ್ಲ. ಆಕ್ಟ್ 3 ಸೀನ್ 2 ಗಟ್ಟಿಯಾಗಿ ಓದಿಸುತ್ತೇನೆ. ಬ್ರೂಟಸ್ ಮಾತು ಗದ್ಯದಲ್ಲಿದೆ, ಕಾರಣ ಕೊಟ್ಟು ವಾದ ಮಾಡುತ್ತಾನೆ. ಆಂಟನಿ ಪದ್ಯದಲ್ಲಿ ಬರುತ್ತಾನೆ. ಬ್ರೂಟಸ್‌ನನ್ನು "ಆನರಬಲ್ ಮ್ಯಾನ್" ಅಂತಲೇ ಹೊಗಳುತ್ತಾನೆ. ಪ್ರತಿ ಸಲ ಆ ಮಾತು ಬಂದಾಗ ದನಿ ಒಂಚೂರು ಬದಲಿಸಿ ಓದು ಅಂತೀನಿ. ಮೂರನೇ ಸಲಕ್ಕೆ ಹುಡುಗರು ತಾವೇ ನಗುತ್ತಾರೆ. ಆಗ ಗೊತ್ತಾಯಿತು ಅಂತ ಅರ್ಥ. ಆಮೇಲೆ ಯಾರು, ಯಾರಿಗೆ, ಯಾವಾಗ ಹೇಳಿದ್ದು, ಮುಂದೆ ಏನಾಯಿತು, ಇಷ್ಟು ಬರೆದರೆ ಸಾಕು. ಗಂಟೆಗೆ 700 ತಗೋತೀನಿ. ನಾಚಿಕೆ ಏನಿಲ್ಲ.

ರೆಡಿಂಗ್ ಕನ್ನಡಿಗ
ಇಂಗ್ಲೆಂಡಿನಲ್ಲೂ ಇದೇ ಗೋಳು. ನೀವು ಪ್ರಾಜೆಕ್ಟ್ ಅಂತ ಅಳುತ್ತೀರಿ, ಇಲ್ಲಿ ಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸ್ ಥರದ ಪರೀಕ್ಷೆ) ಲಿಟರೇಚರ್‌ನಲ್ಲಿ ಅದೂ ಇಲ್ಲ. 2017ರ ಪರೀಕ್ಷೆಯಿಂದ ಎಲ್ಲ ಮಾರ್ಕ್ಸೂ ಹಾಲ್‌ನಲ್ಲಿ ಬರೆದದ್ದಕ್ಕೇ. ಪುಸ್ತಕ ಒಳಗೆ ಬಿಡುವುದಿಲ್ಲ. ಮಗನಿಗೆ ಇದ್ದದ್ದು ಎಕ್ಯೂಎ ಬೋರ್ಡ್. ಮೊದಲ ಪೇಪರ್ ಒಂದೂ ಮುಕ್ಕಾಲು ಗಂಟೆ, 64 ಮಾರ್ಕ್ಸ್, ಮ್ಯಾಕ್‌ಬೆತ್ ಮತ್ತು ಒಂದು ಹಳೇ ಕಾದಂಬರಿ. ಎರಡನೆಯದು ಎರಡೂಕಾಲು ಗಂಟೆ, 96. 15 ಪದ್ಯದಲ್ಲಿ ಒಂದನ್ನು ಅವರು ಅಚ್ಚು ಹಾಕಿ ಕೊಡುತ್ತಾರೆ. ಅದಕ್ಕೆ ಹೋಲಿಸೋ ಇನ್ನೊಂದು ಪದ್ಯ ನೆನಪಿನಿಂದ ಬರಬೇಕು. ಸಾಲದ್ದಕ್ಕೆ ಎಂದೂ ನೋಡದ ಪದ್ಯ ಬೇರೆ.

ಮಾಕ್ ಪರೀಕ್ಷೆಯಲ್ಲಿ ಗ್ರೇಡ್ 4 ಬಂತು, 9 ಅಂದರೆ ಅತಿ ಹೆಚ್ಚು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಗಂಟೆಗೆ 42 ಪೌಂಡ್ ಕೊಟ್ಟು ಟ್ಯೂಟರ್ ಇಟ್ಟೆವು. ಆ ಪುಣ್ಯಾತ್ಮ ರದ್ದು ಮಾಡಿದ ಕ್ಲಾಸಿಗೂ ದುಡ್ಡು ಹಿಡಿದುಕೊಂಡ. ಕೊನೆಗೆ ನಾನೇ ಚಿಕ್ಕ ಚಿಕ್ಕ ಸಾಲು ಕಾರ್ಡಿನಲ್ಲಿ ಬರೆದು ಫ್ರಿಜ್, ಬಚ್ಚಲ ಬಾಗಿಲು, ಕಾರಿನ ಡ್ಯಾಶ್‌ಬೋರ್ಡ್ ಎಲ್ಲಾ ಕಡೆ ಅಂಟಿಸಿದೆ. ನಾಲ್ಕು ಪದಕ್ಕಿಂತ ಉದ್ದದ ಸಾಲು ಬೇಡವೇ ಬೇಡ. 7 ಬಂತು. ಟ್ಯೂಟರ್ ತನ್ನದೇ ಸಾಧನೆ ಅಂತ ಜಾಹೀರಾತು ಹಾಕಿಕೊಂಡಿದ್ದಾನೆ!

ಸಿಬಿಎಸ್‌ಇ ತಾಯಿ, ಮೈಸೂರು
ಪೌಂಡ್ ಲೆಕ್ಕ ಇಲ್ಲಿ ಯಾರು ಕೇಳಿದ್ರು? ಎಂಟನೇ ಕ್ಲಾಸಿಗೇ ನಾವು ಸಿಬಿಎಸ್‌ಇಗೆ ಬದಲಾಯಿಸಿದೆವು. ಭಾಷೆ, ಸಾಹಿತ್ಯ ಎಲ್ಲಾ ಸೇರಿ ಒಂದೇ ಪೇಪರ್, ಅದರಲ್ಲಿ ಲಿಟರೇಚರ್‌ಗೆ 40. ಷೇಕ್ಸ್‌ಪಿಯರ್ ಕಾಟ ಇಲ್ಲ. ಮಗಳು ಆರಾಮಾಗಿದ್ದಾಳೆ. ಹಳೇ ಸ್ಕೂಲಿನ ಡೊನೇಷನ್ ಹೋಯಿತು, ಹೊಸ ಯೂನಿಫಾರಂ, ಶೂ, ಬಸ್ಸು ಸೇರಿ ಇನ್ನೊಂದು 38,000 ಹೋಯಿತು. ಹೋಗಲಿ ಬಿಡಿ.

ಬೆಂದುಹೋದ ಅಪ್ಪ, ವಿಜಯನಗರ
ಅವರ ಮಗಳು ಈಗ ಹತ್ತರಲ್ಲಿದ್ದಾಳೆ. ಬೋರ್ಡ್ ಬದಲಾಯಿಸಿ ಅಂತೀರಲ್ಲ, ಬಸ್ಸಾ ಇದು?

ನಿವೃತ್ತ ಕನ್ನಡ ಮೇಷ್ಟ್ರು
ತಾಯಿ, ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಮ್ಮ. ನನ್ನ ಮೊಮ್ಮಗನಿಗೆ ಕುವೆಂಪು ಅವರ ‘ರಕ್ತಾಕ್ಷಿ’ ನಾಟಕ ಓದಿ ಹೇಳಿದೆ. ಷೇಕ್ಸ್‌ಪಿಯರ್ ಬಿದನೂರಿಗೆ ಬಂದು ಕೂತ ಹಾಗಿದೆ. ಕನ್ನಡದಲ್ಲಿ ಒಳಗೆ ಇಳಿದದ್ದು ಇಂಗ್ಲಿಷಿನಲ್ಲಿ ತಾನಾಗೇ ಬರುತ್ತೆ.

ಮನೆಪಾಠದ ಮಿಸ್
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ರಕ್ತಾಕ್ಷಿ ಹ್ಯಾಮ್ಲೆಟ್‌ನಿಂದ ಬಂದದ್ದು. ಇವರಿಗೆ ಇರೋದು ಜೂಲಿಯಸ್ ಸೀಸರ್, ಅದರಲ್ಲೂ ಹತ್ತಕ್ಕೆ ಆಕ್ಟ್ 3ರಿಂದ 5. ಬಿದನೂರು ಹಿಡಿದು ಹೊರಟರೆ ರೋಮ್ ಸಿಗಲ್ಲ.

ನಿವೃತ್ತ ಕನ್ನಡ ಮೇಷ್ಟ್ರು
ನನಗೆ ಗೊತ್ತಿಲ್ಲದೆ ಹೇಳಲಿಲ್ಲ. ರುಚಿ ಹತ್ತಿಸೋದು ಬೇರೆ, ಮಾರ್ಕ್ಸ್ ಹತ್ತಿಸೋದು ಬೇರೆ. ಗಂಟೆಗೆ 700 ತಗೊಳ್ಳೋರಿಗೆ ಎರಡನೇದೇ ಕಾಣೋದು.

ಪ್ರಾಜೆಕ್ಟ್ ಪೀಡಿತೆ
ಪ್ರಾಜೆಕ್ಟ್ ಬಗ್ಗೆ ಯಾರೂ ಹೇಳಲಿಲ್ಲ. 20 ಮಾರ್ಕ್ಸ್ ಇದೆ, 10 ಸ್ಕೂಲ್ ಟೀಚರ್ ಕೊಡುತ್ತಾರೆ, 10 ಬೇರೆ ಟೀಚರ್. ನಮ್ಮನೆ ರಾಜಕುಮಾರ ಪೋರ್ಷಿಯಾ ಬಗ್ಗೆ ಬರಿ ಅಂದರೆ ಚಾಟ್‌ಜಿಪಿಟಿಗೆ ಒಪ್ಪಿಸಿದ. ಅದು ಬ್ರೂಟಸ್‌ನ ಹೆಂಡತಿಯನ್ನು ಕೋರ್ಟಿಗೆ ಕಳಿಸಿ ವಾದ ಮಾಡಿಸಿತ್ತು! ಕೋರ್ಟಿನಲ್ಲಿ ವಾದ ಮಾಡೋಳು ಮರ್ಚೆಂಟ್ ಆಫ್ ವೆನಿಸ್‌ನ ಪೋರ್ಷಿಯಾ. ಬ್ರೂಟಸ್‌ನ ಹೆಂಡತಿ ಪೋರ್ಷಿಯಾ ಪಾಪ ಬೆಂಕಿ ನುಂಗಿ ಸಾಯುತ್ತಾಳೆ. ಬಣ್ಣದ ಪ್ರಿಂಟಿಗೆ ಪುಟಕ್ಕೆ 10ರ ಹಾಗೆ ಕೊಟ್ಟಿದ್ದೆ, ಲ್ಯಾಮಿನೇಷನ್ 60, ಎಲ್ಲಾ ಕಸಕ್ಕೆ. ರಾತ್ರಿ ಒಂದರವರೆಗೆ ಕೂತು ಕೈಯಲ್ಲೇ ಬರೆಸಿದೆ. ಮಾದರಿ ಪ್ರಶ್ನೆಪತ್ರಿಕೆ ಐಸಿಎಸ್‌ಇ ನಡೆಸೋ ಕೌನ್ಸಿಲ್ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತೆ, ಅದಕ್ಕೂ ಅಂಗಡಿಯಲ್ಲಿ ದುಡ್ಡು ಕೊಡಬೇಡಿ.

ರೆಡಿಂಗ್ ಕನ್ನಡಿಗ
ಪಾಪ ಅನ್ನಿಸಬೇಕಾದ್ದು ಬ್ರೂಟಸ್ ಮೇಲೆ. ಇಡೀ ನಾಟಕದಲ್ಲಿ ಸ್ವಂತಕ್ಕೆ ಏನೂ ಬಯಸದೇ ಇದ್ದವನು ಅವನೊಬ್ಬನೇ.

ಬೆಂದುಹೋದ ಅಪ್ಪ, ವಿಜಯನಗರ
ಗೆಳೆಯನಿಗೆ ಚಾಕು ಹಾಕಿದವನ ಮೇಲೆ ಪಾಪವಾ? ಆಂಟನಿಯೇ ವಾಸಿ. ಸೀಸರ್‌ನ ಉಯಿಲು ತೋರಿಸಿ ರೋಮಿನ ಒಬ್ಬೊಬ್ಬರಿಗೂ 75 ದ್ರಾಕ್ಮಾ ಅಂತ ಹೇಳಿದ.

ಮನೆಪಾಠದ ಮಿಸ್
ಹೇಳಿದ. ಆಕ್ಟ್ 4 ಸೀನ್ 1 ಓದಿದ್ದೀರಾ? ಅದೇ ಉಯಿಲು ತರಿಸಿ, ಕೊಡೋದನ್ನು ಹೇಗೆ ಕಡಿಮೆ ಮಾಡೋದು ಅಂತ ಕೂತು ಲೆಕ್ಕ ಹಾಕುತ್ತಾನೆ ನಿಮ್ಮ ಆಂಟನಿ. ಯಾರ್ಯಾರನ್ನು ಕೊಲ್ಲಬೇಕು ಅಂತ ಪಟ್ಟಿಯೂ ಅಲ್ಲೇ ಆಗುತ್ತೆ, ಸ್ವಂತ ಅಕ್ಕತಂಗಿ ಮಗನ ಹೆಸರಿಗೂ ಗುರುತು ಹಾಕುತ್ತಾನೆ. ಗೈಡಿನಲ್ಲಿ ಇದು ಎರಡೇ ಸಾಲಿನಲ್ಲಿ ಮುಗಿದು ಹೋಗಿರುತ್ತೆ.

ರಾಜಾಜಿನಗರದ ಅಮ್ಮ
ಮಿಸ್, ಈ ಸೀನ್ ಮಗಳಿಗೆ ಓದಿ ಹೇಳಿದೆ. "ಅಯ್ಯೋ, ಇಂಥವನಾ ಅವನು" ಅಂತ ತಾನೇ ಮುಂದಿನ ಸೀನ್ ತೆಗೆದಳು. ನೀವು ರಾಜಾಜಿನಗರದ ಹತ್ತಿರ ಇದ್ದೀರಾ? ಶನಿವಾರ ಕಳಿಸಬಹುದಾ?

ಮನೆಪಾಠದ ಮಿಸ್
ನಾನು ಬನಶಂಕರಿ ಎರಡನೇ ಹಂತ. ದೂರ ಆಗುತ್ತೆ ಮೇಡಂ. ಆನ್‌ಲೈನ್ ಆದರೆ 600.

ಬೆಂದುಹೋದ ಅಪ್ಪ, ವಿಜಯನಗರ
ಮೇಡಂ, ಮೊದಲು ಕೇಳಿಕೊಳ್ಳಿ, 600 ಒಂದು ಪೇಪರ್‌ಗಾ, ಎರಡಕ್ಕಾ?